ಇದು ನಮಗಾ, ಮುಂದಿನ ಬ್ಯಾಚ್‌ಗಾ?

(ಖಾಸಗಿ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಮೇಲೆ ಸರ್ಕಾರದ ನೀತಿಗಳು ಬೀರುವ ಪರಿಣಾಮದ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಎರಡೆರಡು ಸಲ ಹೇಳಿದ್ದನ್ನು ಮಾತ್ರ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ನನ್ನ ಪ್ರಶ್ನೆಯಲ್ಲ. ನಾನು ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಎರಡನೇ ವರ್ಷದ ಒಬ್ಬ ಹುಡುಗಿ ಕೇಳಿದ್ದು. ಅವತ್ತು ಬೆಳಗ್ಗೆ ನೋಟಿಸ್ ಬೋರ್ಡಿಗೆ ಒಂದು ಸುತ್ತೋಲೆ ಅಂಟಿಸಿದ್ದರು. ಸರ್ಕಾರ ವಿದ್ಯಾರ್ಥಿವೇತನದ ನಿಯಮ ಬದಲಿಸಿದೆ, ಕೆಲವು ಕೋರ್ಸುಗಳನ್ನು ಪಟ್ಟಿಯಿಂದ ಕೈಬಿಟ್ಟಿದೆ ಅಂತ ಹೇಳುವ ಎರಡು ಪುಟದ ಕಾಗದ. ಅವಳು ಅದರ ಫೋಟೊ ತೆಗೆದುಕೊಂಡು ಸ್ಟಾಫ್ ರೂಮಿಗೆ ಬಂದಳು. ಫೋನಿನ ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ತನ್ನ ಕೋರ್ಸಿನ ಹೆಸರಿದ್ದ ಸಾಲನ್ನು ತೋರಿಸಿದಳು. "ಸಾರ್, ಇದು ನಮಗಾ, ಮುಂದಿನ ಬ್ಯಾಚ್‌ಗಾ?"

ನನಗೆ ಗೊತ್ತಿರಲಿಲ್ಲ. ಆಫೀಸಿಗೆ ಹೋಗಿ ಕೇಳಿದೆ. ಲೆಕ್ಕ ನೋಡುವವರು ಕಾಗದವನ್ನು ಎರಡು ಸಲ ಓದಿದರು. ಆಮೇಲೆ ತಿರುಗಿಸಿ ಹಿಂಬದಿಯನ್ನೂ ನೋಡಿದರು, ಅಲ್ಲೇನಾದರೂ ಬರೆದಿರಬಹುದೇನೋ ಅನ್ನುವ ಹಾಗೆ. ನಿಯಮ ಯಾವ ತಾರೀಖಿನಿಂದ ಜಾರಿ ಅಂತ ಅದರಲ್ಲಿತ್ತು. ಈಗಾಗಲೇ ಓದುತ್ತಿರುವವರ ಗತಿ ಏನು ಅಂತ ಒಂದು ಸಾಲೂ ಇರಲಿಲ್ಲ. ಉತ್ತರ ಬರಲು ಐದು ತಿಂಗಳು ಹಿಡಿಯಿತು. ಅಷ್ಟೂ ದಿನ ಅವಳು ಪ್ರತಿ ಸೋಮವಾರ ಆಫೀಸಿನ ಕಿಟಕಿಯ ಮುಂದೆ ನಿಂತಿರುತ್ತಿದ್ದಳು.

ಈ ವಿಷಯದ ಮೇಲೆ ಎಲ್ಲೇ ಚರ್ಚೆ ನಡೆದರೂ ಅಲ್ಲಿ ಎರಡು ದನಿ ಮಾತ್ರ ಕೇಳಿಸುತ್ತದೆ. ಒಂದು ಸರ್ಕಾರದ್ದು, ಹಿಡಿತ ಬೇಕು ಅನ್ನುತ್ತದೆ. ಇನ್ನೊಂದು ಆಡಳಿತ ಮಂಡಳಿಗಳದ್ದು, ಸ್ವಾತಂತ್ರ್ಯ ಬೇಕು ಅನ್ನುತ್ತದೆ. ಎರಡರಲ್ಲೂ ನ್ಯಾಯ ಇದೆ. ಆದರೆ ಇವತ್ತು ನಾನು ಆ ಕಿಟಕಿಯ ಮುಂದೆ ನಿಂತವಳ ಕಡೆಯಿಂದ ಮಾತಾಡುತ್ತೇನೆ. ನೀತಿ ಒಂದೇ ದಿನದಲ್ಲಿ ಬದಲಾಗುತ್ತದೆ. ಡಿಗ್ರಿ ಮುಗಿಯಲು ಮೂರೋ ನಾಲ್ಕೋ ವರ್ಷ ಬೇಕು. ಈ ಎರಡರ ನಡುವೆ ಸದಾ ಯಾರೋ ಒಬ್ಬರು ಸಿಕ್ಕಿಕೊಂಡಿರುತ್ತಾರೆ.

ಮೊದಲು 'ಖಾಸಗಿ' ಅನ್ನುವ ಮಾತು. ಖಾಸಗಿ ಕಾಲೇಜು ಅಂದರೆ ಎಷ್ಟು ಖಾಸಗಿ? ಅಮೆರಿಕದಲ್ಲಿ ಈ ಪ್ರಶ್ನೆ ತುಂಬಾ ಹಿಂದೆಯೇ ಕೋರ್ಟಿಗೆ ಹೋಗಿತ್ತು. ಡಾರ್ಟ್‌ಮತ್ ಕಾಲೇಜಿಗೆ 1769ರಲ್ಲಿ ಬ್ರಿಟಿಷ್ ರಾಜನ ಸನ್ನದು, ಅಂದರೆ ಕಾಲೇಜು ನಡೆಸುವ ಹಕ್ಕುಪತ್ರ, ಸಿಕ್ಕಿತ್ತು. 1816ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಶಾಸನಸಭೆ ಆ ಸನ್ನದನ್ನು ತಿದ್ದಿ, ಕಾಲೇಜನ್ನು ತನ್ನ ಕೈಗೆ ತೆಗೆದುಕೊಳ್ಳಲು ಹೊರಟಿತು. 1819ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಸನ್ನದು ಅಂದರೆ ಒಪ್ಪಂದ, ಒಂದು ಕಡೆಯವರು ಮಾತ್ರ ಅದನ್ನು ಬದಲಿಸಲು ಆಗುವುದಿಲ್ಲ ಎಂದರು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್. ಅಲ್ಲಿನ ಖಾಸಗಿ ಕಾಲೇಜುಗಳು ಇವತ್ತಿಗೂ ನಿಂತಿರುವುದು ಈ ತೀರ್ಪಿನ ಮೇಲೆ.

ಅಂದರೆ ಮುಂಬಾಗಿಲಿನಿಂದ ಬರುವ ದಾರಿ ಸರ್ಕಾರಕ್ಕೆ ಮುಚ್ಚಿತು. ಆದರೆ ಇನ್ನೊಂದು ದಾರಿ ಇತ್ತು, ವಿದ್ಯಾರ್ಥಿಯ ಜೇಬು.

1944ರಲ್ಲಿ ಅಮೆರಿಕ ಯುದ್ಧದಿಂದ ಮರಳುವ ಸೈನಿಕರಿಗಾಗಿ ಒಂದು ಕಾನೂನು ಮಾಡಿತು. ಜನ ಅದನ್ನು ಜಿ.ಐ. ಬಿಲ್ ಎಂದು ಕರೆದರು. ಓದಲು ಹೋಗುವ ಸೈನಿಕನ ಫೀಯನ್ನು ವರ್ಷಕ್ಕೆ 500 ಡಾಲರ್‌ವರೆಗೆ ಸರ್ಕಾರವೇ ಕಟ್ಟುತ್ತಿತ್ತು. ಆಗ ಹಾರ್ವರ್ಡ್‌ನ ವರ್ಷದ ಫೀಯೇ 400 ಡಾಲರ್. ಸರ್ಕಾರಿ ಕಾಲೇಜಿಗೇ ಹೋಗಬೇಕು ಅನ್ನುವ ನಿಯಮ ಇರಲಿಲ್ಲ, ಎಲ್ಲಿ ಬೇಕಾದರೂ ಸೇರಬಹುದಿತ್ತು. ಷಿಕಾಗೊ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ರಾಬರ್ಟ್ ಹಚಿನ್ಸ್‌ರಂಥವರೇ ಇದನ್ನು ವಿರೋಧಿಸಿದರು. ಕಾಲೇಜುಗಳು ಅಲೆಮಾರಿಗಳ ಬಿಡಾರ ಆಗುತ್ತವೆ ಅನ್ನುವುದು ಅವರ ಭಯ. ಆ ಭಯ ನಿಜವಾಗಲಿಲ್ಲ. 1947ರ ಹೊತ್ತಿಗೆ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಮಾಜಿ ಸೈನಿಕರೇ ಆಗಿದ್ದರು. ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತದವರ ಮಕ್ಕಳು ಓದಿದರು. ಇದು ದೊಡ್ಡ ಮಾತು. ಸರ್ಕಾರದ ಹಣ ಖಾಸಗಿ ಕಾಲೇಜಿಗೆ ಹೋಗಲೇಬಾರದು ಅನ್ನುವವರಿಗೆ ನಾನು ಯಾವಾಗಲೂ ಈ ಉದಾಹರಣೆ ಕೊಡುತ್ತೇನೆ.

ಆದರೆ ಅದೇ ಹಣದ ವಾಸನೆ ಹಿಡಿದು ಬಂದವರೂ ಇದ್ದರು. ಸೈನಿಕರ ಹಣವನ್ನೇ ನಂಬಿಕೊಂಡ ಸಣ್ಣ ಸಣ್ಣ ತರಬೇತಿ ಶಾಲೆಗಳು ಎಲ್ಲೆಲ್ಲೋ ಹುಟ್ಟಿಕೊಂಡವು. 1952ರಲ್ಲಿ ಕಾನೂನು ತಿದ್ದಿದಾಗ ಎರಡು ಬದಲಾವಣೆ ಮಾಡಿದರು. ಹಣ ಶಾಲೆಯ ಕೈಗೆ ಹೋಗುವ ಬದಲು ನೇರವಾಗಿ ವಿದ್ಯಾರ್ಥಿಯ ಕೈಗೆ ಹೋಗಬೇಕು. ಮತ್ತೆ, ನೂರರಲ್ಲಿ ಕನಿಷ್ಠ 15 ವಿದ್ಯಾರ್ಥಿಗಳಾದರೂ ಸೈನಿಕರಲ್ಲದವರು ಆಗಿರಬೇಕು. ಈ ಎರಡನೇ ನಿಯಮದ ಹಿಂದಿನ ಯೋಚನೆ ಸರಳ. ಸ್ವಂತ ಹಣ ಕೊಟ್ಟು ಸೇರುವವರು ನಾಲ್ಕು ಜನವೂ ಇಲ್ಲದ ಕೋರ್ಸು ಒಳ್ಳೆಯ ಕೋರ್ಸು ಆಗಿರುವುದಿಲ್ಲ, ಅಲ್ವಾ?

ಜೇಬಿನ ದಾರಿ ಎಷ್ಟು ಬಿಗಿಯಾದದ್ದು ಅಂತ ಗೊತ್ತಾಗಬೇಕಾದರೆ ಗ್ರೋವ್ ಸಿಟಿ ಕಾಲೇಜಿನ ಕಥೆ ಕೇಳಬೇಕು. ಪೆನ್ಸಿಲ್ವೇನಿಯಾದ ಈ ಸಣ್ಣ ಕಾಲೇಜು ಸರ್ಕಾರದಿಂದ ನೇರವಾಗಿ ಒಂದು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ. ಆದ್ದರಿಂದ ಗಂಡು ಹೆಣ್ಣು ಅಂತ ಭೇದ ಮಾಡುವುದಿಲ್ಲ ಅನ್ನುವ ಸರ್ಕಾರದ ನಿಯಮಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದಿತು. ಆದರೆ ಅಲ್ಲಿನ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಸರ್ಕಾರದ ನೆರವು ಬರುತ್ತಿತ್ತು. ವಿದ್ಯಾರ್ಥಿಗೆ ಕೊಟ್ಟರೂ ಅದು ಕಾಲೇಜಿಗೆ ಕೊಟ್ಟ ಹಾಗೆಯೇ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಹೇಳಿತು. ನಿಯಮ ನೆರವಿನ ವಿಭಾಗಕ್ಕಷ್ಟೇ ಸೀಮಿತ ಅಂತಲೂ ಸೇರಿಸಿತು. 1988ರಲ್ಲಿ ಸಂಸತ್ತು, ಅಧ್ಯಕ್ಷ ರೇಗನ್ ಒಪ್ಪದಿದ್ದರೂ, ಇಡೀ ಕಾಲೇಜಿಗೆ ಅನ್ವಯ ಎಂದು ಕಾನೂನು ಮಾಡಿತು. ಗ್ರೋವ್ ಸಿಟಿ ಆ ನೆರವನ್ನೇ ಬಿಟ್ಟುಬಿಟ್ಟಿತು, ಮುಂದೆ ಸರ್ಕಾರಿ ಸಾಲವನ್ನೂ ಬಿಟ್ಟಿತು. ಬದಲಿಗೆ ತಾನೇ ಬೇರೆ ನೆರವಿನ ವ್ಯವಸ್ಥೆ ಮಾಡಿತು. ಅವರ ನಿಲುವನ್ನು ನಾನು ಒಪ್ಪುವುದಿಲ್ಲ. ಆದರೆ ಬೇಡ ಎಂದವರು ಮಕ್ಕಳನ್ನು ನಡುನೀರಿನಲ್ಲಿ ಬಿಡಲಿಲ್ಲ ಅನ್ನುವುದನ್ನು ಗಮನಿಸಿದ್ದೇನೆ.

ನಡುನೀರಿನಲ್ಲಿ ಬಿಟ್ಟ ಕಥೆಯೂ ಅದೇ ದೇಶದಲ್ಲಿದೆ. ಕೊರಿಂಥಿಯನ್ ಕಾಲೇಜಸ್ ಅನ್ನುವ ಲಾಭದ ಕಂಪನಿ ನೂರಕ್ಕೂ ಹೆಚ್ಚು ಕ್ಯಾಂಪಸ್ ನಡೆಸುತ್ತಿತ್ತು. ಅದರ ಆದಾಯದಲ್ಲಿ ಬಹುಪಾಲು ಸರ್ಕಾರಿ ಸಾಲ ಮತ್ತು ನೆರವಿನ ಹಣ. ಕೆಲಸ ಸಿಕ್ಕವರ ಲೆಕ್ಕವನ್ನು ಸುಳ್ಳು ಸುಳ್ಳಾಗಿ ತೋರಿಸಿದೆ ಅನ್ನುವ ಆರೋಪ ಅದರ ಮೇಲಿತ್ತು. 2014ರ ಜೂನ್‌ನಲ್ಲಿ ಶಿಕ್ಷಣ ಇಲಾಖೆ ಅದಕ್ಕೆ ಬರುವ ಹಣವನ್ನು 21 ದಿನ ತಡೆಹಿಡಿಯಿತು. ಬರೀ 21 ದಿನ. ಕಂಪನಿಯ ಕೈ ಖಾಲಿಯಾಯಿತು. ಕ್ಯಾಂಪಸ್‌ಗಳ ಮಾರಾಟ ಶುರುವಾಯಿತು. 2015ರ ಏಪ್ರಿಲ್ ಕೊನೆಯಲ್ಲಿ ಉಳಿದ ಕ್ಯಾಂಪಸ್‌ಗಳಿಗೂ ಬೀಗ ಬಿತ್ತು. ಅವತ್ತು ಒಳಗೆ ಸುಮಾರು 16 ಸಾವಿರ ವಿದ್ಯಾರ್ಥಿಗಳಿದ್ದರು.

ಇಲಾಖೆ ಮಾಡಿದ್ದು ತಪ್ಪೇ? ತಪ್ಪಲ್ಲ, ಮಾಡಲೇಬೇಕಿತ್ತು. ತಡವಾಗಿ ಮಾಡಿತು ಅನ್ನಬಹುದು. ಆದರೆ ಆ 21 ದಿನದ ಆದೇಶಕ್ಕೆ ಸಹಿ ಹಾಕುವ ಮೊದಲು 'ಕಾಲೇಜು ಬಿದ್ದರೆ ಒಳಗಿರುವವರು ಎಲ್ಲಿಗೆ ಹೋಗುತ್ತಾರೆ' ಅನ್ನುವುದಕ್ಕೆ ಗಟ್ಟಿ ಉತ್ತರ ತಯಾರಿರಲಿಲ್ಲ. ಅಲ್ಲಿ ಓದಿ ಸಾಲ ಮಾಡಿಕೊಂಡಿದ್ದ 5 ಲಕ್ಷ 60 ಸಾವಿರ ಜನರ 580 ಕೋಟಿ ಡಾಲರ್ ಸಾಲವನ್ನು ಸರ್ಕಾರ ಪೂರ್ತಿ ಮನ್ನಾ ಮಾಡುವುದಾಗಿ ಹೇಳಿದ್ದು 2022ರಲ್ಲಿ. ಬೀಗ ಬಿದ್ದು ಏಳು ವರ್ಷ ಆಗಿತ್ತು. ಏಳು ವರ್ಷದಲ್ಲಿ ಒಬ್ಬ ಮನುಷ್ಯನ ಬದುಕಿನಲ್ಲಿ ಏನೆಲ್ಲ ಆಗಿಹೋಗುತ್ತದೆ, ಯೋಚಿಸಿ.

ಈಗ ಚಿಲಿ ದೇಶಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನೀತಿ ಹೇಗೆ ಹಾಳು ಮಾಡುತ್ತದೆ, ಹೇಗೆ ಸರಿ ಮಾಡುತ್ತದೆ, ಎರಡೂ ಒಂದೇ ದೇಶದಲ್ಲಿ ಕಾಣುತ್ತದೆ.

1981ಕ್ಕೆ ಮೊದಲು ಚಿಲಿಯಲ್ಲಿ ಇದ್ದದ್ದು ಎಂಟೇ ವಿಶ್ವವಿದ್ಯಾಲಯ. ಪಿನೊಶೆಯ ಮಿಲಿಟರಿ ಸರ್ಕಾರ ಆ ವರ್ಷ ಹೊಸ ಕಾನೂನು ತಂದು, ಖಾಸಗಿಯವರಿಗೆ ಬಾಗಿಲು ತೆರೆಯಿತು. ಮುಂದಿನ ವರ್ಷಗಳಲ್ಲಿ ಡಜನ್‌ಗಟ್ಟಲೆ ಖಾಸಗಿ ವಿಶ್ವವಿದ್ಯಾಲಯಗಳು ಬಂದವು. ಕಾನೂನಿನಲ್ಲಿ ಒಂದು ಷರತ್ತು ಇತ್ತು: ವಿಶ್ವವಿದ್ಯಾಲಯ ಲಾಭ ಮಾಡುವ ಹಾಗಿಲ್ಲ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಕಟ್ಟಡ ಯಾರದ್ದು? ಮಾಲೀಕರು ಪಕ್ಕದಲ್ಲೇ ಒಂದು ಆಸ್ತಿ ಕಂಪನಿ ಮಾಡಿಕೊಳ್ಳುತ್ತಿದ್ದರು. ಕಟ್ಟಡ ಆ ಕಂಪನಿಯದು. ವಿಶ್ವವಿದ್ಯಾಲಯ ಅದಕ್ಕೆ ಬಾಡಿಗೆ ಕಟ್ಟಬೇಕು. ಲಾಭ ಅನ್ನುವ ಪದ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ, 'ಬಾಡಿಗೆ' ಅಂತ ಬರುತ್ತದೆ. ಈ ತಂತ್ರ ಚಿಲಿಗೆ ಮಾತ್ರ ಸೇರಿದ್ದಲ್ಲ. ಲಾಭ ಬೇಡ ಎಂದು ಹೇಳಿ, ಬಾಡಿಗೆಯನ್ನೂ ಖರೀದಿಯನ್ನೂ ಯಾರೂ ನೋಡದಿದ್ದರೆ ಎಲ್ಲಿ ಬೇಕಾದರೂ ಹೀಗೇ ಆಗುತ್ತದೆ.

ಇದರ ಮೇಲೆ 2005ರಲ್ಲಿ ಇನ್ನೊಂದು ನೀತಿ ಬಂತು. ಬ್ಯಾಂಕು ವಿದ್ಯಾರ್ಥಿಗೆ ಸಾಲ ಕೊಡಬೇಕು, ಸರ್ಕಾರ ಜಾಮೀನು ನಿಲ್ಲಬೇಕು. ಮಾನ್ಯತೆ ಇರುವ ಸಂಸ್ಥೆಯಲ್ಲಿ ಓದಿದರೆ ಮಾತ್ರ ಈ ಸಾಲ. ಬಡ್ಡಿ ವರ್ಷಕ್ಕೆ ಶೇಕಡ 6ರ ಆಸುಪಾಸು. ಇದರಿಂದ ಏನಾಯಿತು ನೋಡಿ. ಮಾನ್ಯತೆಯ ಕಾಗದ ಅಂದರೆ ಹಣದ ಬಾಗಿಲಿನ ಕೀಲಿಕೈ ಅಂತ ಆಯಿತು. ಕೀಲಿಕೈಗೆ ಬೆಲೆ ಬಂದ ಮೇಲೆ ಅದನ್ನು ಮಾರುವವರೂ ಬರುತ್ತಾರೆ. 2012ರಲ್ಲಿ ಮಾನ್ಯತಾ ಆಯೋಗದ ಮಾಜಿ ಅಧ್ಯಕ್ಷರೇ ಲಂಚದ ಆರೋಪದ ಮೇಲೆ ಬಂಧನಕ್ಕೆ ಒಳಗಾದರು.

ಅದಕ್ಕೆ ಒಂದು ವರ್ಷ ಮೊದಲು, 2011ರಲ್ಲಿ, ವಿದ್ಯಾರ್ಥಿಗಳು ಬೀದಿಗೆ ಇಳಿದಿದ್ದರು. ತಿಂಗಳುಗಟ್ಟಲೆ ಮೆರವಣಿಗೆ ನಡೆಯಿತು. ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾದ ಗೇಬ್ರಿಯಲ್ ಬೋರಿಚ್ 2022ರಲ್ಲಿ ದೇಶದ ಅಧ್ಯಕ್ಷರಾದರು. ಆ ವಿದ್ಯಾರ್ಥಿಗಳು ಕೇಳಿದ್ದು ಇಷ್ಟೇ: ಓದು ಮುಗಿಸಿ ಹೊರಗೆ ಬರುವಾಗ ನಮ್ಮ ತಲೆಯ ಮೇಲೆ ಸಾಲದ ಮೂಟೆ ಯಾಕಿರಬೇಕು?

ಇನ್ನು ಯೂನಿವರ್ಸಿಡಾಡ್ ಡೆಲ್ ಮಾರ್. ಸಮುದ್ರದ ವಿಶ್ವವಿದ್ಯಾಲಯ ಅಂತ ಅದರ ಅರ್ಥ. ಮಾಲೀಕರಿಗೆ ಸಂಬಂಧಪಟ್ಟ ಆಸ್ತಿ ಕಂಪನಿಗಳಿಗೆ ಹಣ ಹೋಗುತ್ತಿದೆ, ಮೇಷ್ಟರುಗಳ ಸಂಬಳ ಬಾಕಿ ಇದೆ ಅಂತ 2012ರಲ್ಲಿ ಅದರ ಕುಲಪತಿಯೇ ರಾಜೀನಾಮೆ ಕೊಟ್ಟು ಹೊರಬಂದು ಹೇಳಿದರು. ಆ ವರ್ಷ ಮಾನ್ಯತೆ ಮುಂದುವರಿಯಲಿಲ್ಲ. ವರ್ಷದ ಕೊನೆಯಲ್ಲಿ ಸರ್ಕಾರ ಅದನ್ನು ಮುಚ್ಚಲು ಆದೇಶ ಮಾಡಿತು. ಆಗ ಅಲ್ಲಿ ಸುಮಾರು 18 ಸಾವಿರ ವಿದ್ಯಾರ್ಥಿಗಳಿದ್ದರು. ಮುಚ್ಚುವ ಅಧಿಕಾರ ಸರ್ಕಾರಕ್ಕೆ ಇತ್ತು. ಮುಚ್ಚುವ ತನಕ ಅದನ್ನು ಸರಿಯಾಗಿ ನಡೆಸುವ ಅಧಿಕಾರ ಯಾರಿಗೂ ಇರಲಿಲ್ಲ! ಹಾಳು ಮಾಡಿದ ಆಡಳಿತವೇ ಕೊನೆಯ ದಿನದವರೆಗೂ ನಡೆಸಬೇಕಾಯಿತು. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಲು ನೋಡಿದವರಿಗೆ ಪಠ್ಯ ಹೊಂದುವುದಿಲ್ಲ ಅನ್ನುವ ಉತ್ತರ. ಎರಡು ವರ್ಷ ಓದಿದ್ದನ್ನು ಒಂದೇ ವರ್ಷ ಅಂತ ಲೆಕ್ಕ ಹಿಡಿದರೆ, ಆ ಇನ್ನೊಂದು ವರ್ಷಕ್ಕೆ ಮಾಡಿದ ಸಾಲವನ್ನು ಯಾರು ತೀರಿಸಬೇಕು?

ಚಿಲಿ ಇದರಿಂದ ಪಾಠ ಕಲಿಯಿತು ಅನ್ನುವುದಕ್ಕಾಗಿಯೇ ನಾನು ಇದನ್ನು ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಸಾಲದ ಬಡ್ಡಿಯನ್ನು ಶೇಕಡ 2ಕ್ಕೆ ಇಳಿಸಿದರು. 2014ರ ಕೊನೆಯಲ್ಲಿ ಹೊಸ ಕಾನೂನು ಮಾಡಿದರು. ಸಂಸ್ಥೆ ಕುಸಿಯುವ ಹಂತದಲ್ಲಿದ್ದರೆ ಸರ್ಕಾರ ತಾತ್ಕಾಲಿಕ ಆಡಳಿತಾಧಿಕಾರಿಯನ್ನು ನೇಮಿಸಬಹುದು. ಮುಚ್ಚುವುದೇ ಆದರೆ, ಮುಚ್ಚುವ ಕೆಲಸಕ್ಕೆಂದೇ ಒಬ್ಬ ಆಡಳಿತಾಧಿಕಾರಿ ಇರುತ್ತಾರೆ. ಒಳಗಿರುವ ವಿದ್ಯಾರ್ಥಿಗಳ ಓದು ಮುಂದುವರಿಯುವ ಹಾಗೆ ನೋಡಿಕೊಳ್ಳುವುದು ಅವರ ಹೊಣೆ. 2016ರಿಂದ ಬಡ ಕುಟುಂಬಗಳ ಮಕ್ಕಳಿಗೆ ಉಚಿತ ಓದು ಬಂತು. ಲಾಭ ಮಾಡದ, ಮಾನ್ಯತೆ ಇರುವ ಖಾಸಗಿ ಸಂಸ್ಥೆಗಳೂ ಒಪ್ಪಿಕೊಂಡರೆ ಅದರಲ್ಲಿ ಸೇರಬಹುದು. ಸೇರಿದರೆ ಸರ್ಕಾರ ನಿಗದಿ ಮಾಡಿದಷ್ಟೇ ಫೀ. ಅದು ಸಾಲದು ಅಂತ ಕೆಲವು ಸಂಸ್ಥೆಗಳು ಇವತ್ತಿಗೂ ಹೇಳುತ್ತವೆ. ಇನ್ನೊಂದು ತೊಡಕೂ ಇದೆ. ಕೋರ್ಸಿನ ನಿಗದಿತ ಅವಧಿ ಮೀರಿದರೆ ಉಚಿತ ಮುಗಿಯುತ್ತದೆ. ಕೆಲಸ ಮಾಡುತ್ತಾ ಓದುವವರು, ಒಂದು ಸೆಮಿಸ್ಟರ್ ಕಾಯಿಲೆ ಬಿದ್ದವರು, ಇಂಥವರೇ ಅವಧಿ ಮೀರುವುದು ಜಾಸ್ತಿ. ಒಳ್ಳೆಯ ನೀತಿಯಲ್ಲೂ ಇಂಥ ಸಂದಿಗಳು ಉಳಿದುಬಿಡುತ್ತವೆ.

ಹಣದ ನೀತಿ ಇದಾಯಿತು. ಫೀ ಕಟ್ಟಿಹಾಕುವ ನೀತಿಗೆ ಬರೋಣ. ಕೇಳಿದ ತಕ್ಷಣ ಚಪ್ಪಾಳೆ ತಟ್ಟಬೇಕು ಅನ್ನಿಸುವಂಥದ್ದು ಅದು. ನಾನೂ ತಟ್ಟಿದ್ದೇನೆ.

ದಕ್ಷಿಣ ಕೊರಿಯಾದಲ್ಲಿ ಬಹುಪಾಲು ವಿದ್ಯಾರ್ಥಿಗಳು ಓದುವುದು ಖಾಸಗಿಯಲ್ಲೇ. 2011ರಲ್ಲಿ ಅಲ್ಲಿನ ವಿದ್ಯಾರ್ಥಿಗಳು 'ಅರ್ಧ ಫೀ' ಎಂದು ಮೇಣದ ಬತ್ತಿ ಹಿಡಿದು ಬೀದಿಗೆ ಬಂದರು. 2012ರಲ್ಲಿ ಸರ್ಕಾರ ರಾಷ್ಟ್ರೀಯ ವಿದ್ಯಾರ್ಥಿವೇತನ ತಂದಿತು. ಅದರ ಒಂದು ಭಾಗಕ್ಕೆ ಷರತ್ತು: ಫೀ ಏರಿಸದ ಕಾಲೇಜಿಗೆ ಮಾತ್ರ. ಫೀ ಅಲ್ಲಿಗೇ ನಿಂತಿತು, ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ಅಲ್ಲೇ ಇತ್ತು. ಮನೆಗಳಿಗೆ ನಿಜವಾಗಿಯೂ ಉಸಿರು ಬಂತು.

ಆದರೆ ಖರ್ಚು ನಿಲ್ಲುವುದಿಲ್ಲವಲ್ಲ. ಕಾಲೇಜು ಎಲ್ಲಿ ಕತ್ತರಿಸುತ್ತದೆ? ಒಳಗಿದ್ದು ನೋಡಿದವನಾಗಿ ಹೇಳುತ್ತೇನೆ, ಕಟ್ಟಡದ ಬಣ್ಣದಲ್ಲಿ ಕತ್ತರಿಸುವುದಿಲ್ಲ, ಅದು ಅಡ್ಮಿಷನ್‌ಗೆ ಬರುವವರಿಗೆ ಕಾಣುತ್ತದೆ. ಕತ್ತರಿ ಬೀಳುವುದು ಮೇಷ್ಟರ ಮೇಲೆ. ನಿವೃತ್ತರಾದವರ ಜಾಗ ತುಂಬುವುದಿಲ್ಲ. ಅತಿಥಿ ಉಪನ್ಯಾಸಕರು ಬರುತ್ತಾರೆ. ಗಂಟೆಗೆ ಇಷ್ಟು ಅಂತ ಸಂಬಳ, ರಜೆಯಲ್ಲಿ ಏನೂ ಇಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಅಂಥ ಒಬ್ಬರಿದ್ದರು. ಅವರಿಗೆ ಸ್ವಂತ ಮೇಜು ಇರಲಿಲ್ಲ. ಪುಸ್ತಕಗಳನ್ನು ಚೀಲದಲ್ಲೇ ಇಟ್ಟುಕೊಂಡು, ಯಾರ ಕುರ್ಚಿ ಖಾಲಿ ಇದೆಯೋ ಅಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಬೆಲ್ ಆದ ಕೂಡಲೇ ಇನ್ನೊಂದು ಕಾಲೇಜಿಗೆ ಓಡಬೇಕು. ಪಾಠ ತುಂಬಾ ಚೆನ್ನಾಗಿ ಮಾಡುತ್ತಿದ್ದರು. ಆದರೆ ಪಾಠ ಮುಗಿದ ಮೇಲೆ ಸಂದೇಹ ಕೇಳಲು ಬಂದ ಹುಡುಗರಿಗೆ ಅವರು ಸಿಗುತ್ತಿರಲಿಲ್ಲ.

ಕೊರಿಯಾ ಈ ಅತಿಥಿಗಳಿಗೂ ಒಂದು ಕಾನೂನು ತಂದಿತು, 2019ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಕನಿಷ್ಠ ಒಂದು ವರ್ಷದ ನೇಮಕ, ಮೂರು ವರ್ಷದವರೆಗೆ ಮರುನೇಮಕದ ಅವಕಾಶ, ರಜೆಯಲ್ಲೂ ಸಂಬಳ. ನ್ಯಾಯವಾದದ್ದೇ. ಆದರೆ ಕಾನೂನು ಜಾರಿಯಾಗುವ ಮೊದಲೇ ಎಷ್ಟೋ ಕಾಲೇಜುಗಳು ಸಾವಿರಾರು ಅತಿಥಿಗಳನ್ನು ಕೈಬಿಟ್ಟವು, ಕ್ಲಾಸುಗಳನ್ನು ಒಟ್ಟುಗೂಡಿಸಿ ದೊಡ್ಡದು ಮಾಡಿದವು. ಒಂದು ಕೈಯಲ್ಲಿ ಫೀ ಹಿಡಿದಿಟ್ಟು, ಇನ್ನೊಂದು ಕೈಯಲ್ಲಿ ಖರ್ಚು ಏರಿಸಿ, ನಡುವಿನ ಅಂತರ ಯಾರು ತುಂಬುತ್ತಾರೆ ಅಂತ ಹೇಳದಿದ್ದರೆ ಹೀಗಾಗುತ್ತದೆ. ಎರಡೂ ನೀತಿ ಒಳ್ಳೆಯವೇ. ಅವೆರಡೂ ಒಂದನ್ನೊಂದು ಮಾತಾಡಿಸಿರಲಿಲ್ಲ ಅಷ್ಟೆ.

ಜಪಾನಿನ ಬಗ್ಗೆ ಎರಡೇ ಮಾತು. ಅಲ್ಲಿ ಮುಕ್ಕಾಲು ಪಾಲು ವಿದ್ಯಾರ್ಥಿಗಳು ಖಾಸಗಿಯಲ್ಲಿ. ದಿನನಿತ್ಯದ ಖರ್ಚಿನ ಅರ್ಧದವರೆಗೆ ಸರ್ಕಾರ ಕೊಡಬಹುದು ಎಂದು 1975ರ ಕಾನೂನು ಹೇಳುತ್ತದೆ. 1980ರ ಹೊತ್ತಿಗೆ ಅದು ಶೇಕಡ 30ರ ಹತ್ತಿರ ಹೋಗಿತ್ತು, ಈಗ ಶೇಕಡ 10ರ ಆಸುಪಾಸಿಗೆ ಇಳಿದಿದೆ. 1992ರಲ್ಲಿ 18 ವರ್ಷದವರು 20 ಲಕ್ಷಕ್ಕಿಂತ ಜಾಸ್ತಿ ಇದ್ದರು, ಈಗ ಸುಮಾರು 11 ಲಕ್ಷ. ಅರ್ಧಕ್ಕಿಂತ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸೀಟು ಭರ್ತಿಯಾಗುತ್ತಿಲ್ಲ. ಮಕ್ಕಳೇ ಇಲ್ಲದಾಗ ಯಾವ ನೀತಿಯಿಂದಲೂ ಎಲ್ಲ ಕಾಲೇಜನ್ನೂ ಉಳಿಸಲು ಆಗುವುದಿಲ್ಲ. ಆಗ ಉಳಿಯುವ ಪ್ರಶ್ನೆ, ಮುಚ್ಚುವುದನ್ನು ಹೇಗೆ ಮುಚ್ಚಬೇಕು ಅನ್ನುವುದು.

ಭಾರತದ ಕಥೆ ಬೇರೆ ರೀತಿಯದು. ಇಲ್ಲಿ ನೀತಿ ಮಾಡಿದ್ದು ಎಷ್ಟೋ ಸಲ ಕೋರ್ಟು. 1993ರಲ್ಲಿ ಸುಪ್ರೀಂ ಕೋರ್ಟ್ ಉನ್ನಿಕೃಷ್ಣನ್ ಪ್ರಕರಣದಲ್ಲಿ ವೃತ್ತಿ ಕಾಲೇಜುಗಳಿಗೆ 'ಫ್ರೀ ಸೀಟು', 'ಪೇಮೆಂಟ್ ಸೀಟು' ಅನ್ನುವ ಪದ್ಧತಿ ಹಾಕಿಕೊಟ್ಟಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಆ ಪದ್ಧತಿಯನ್ನು ತೆಗೆದುಹಾಕಿತು. 2003ರಲ್ಲಿ ಐವರ ಪೀಠ, ಆ ತೀರ್ಪಿನ ಅರ್ಥ ಹೀಗೆ ಎಂದು ಫೀ ಸಮಿತಿಗಳನ್ನು ಮಾಡಿಸಿತು. 2005ರಲ್ಲಿ ಏಳು ಜನರ ಪೀಠ, ಅನುದಾನ ಇಲ್ಲದ ಕಾಲೇಜಿನ ಮೇಲೆ ಸರ್ಕಾರ ತನ್ನ ಕೋಟಾ ಹೇರುವಂತಿಲ್ಲ ಎಂದಿತು. ಬೆನ್ನಿಗೇ ಸಂಸತ್ತು 93ನೇ ತಿದ್ದುಪಡಿ ತಂದು ಖಾಸಗಿಯಲ್ಲೂ ಮೀಸಲಾತಿಗೆ ದಾರಿ ಮಾಡಿತು. ಹನ್ನೆರಡು ವರ್ಷದಲ್ಲಿ ಇಷ್ಟು ತಿರುವು. ಪ್ರತಿ ತಿರುವಿನಲ್ಲೂ ಸಾವಿರಾರು ಮನೆಗಳಲ್ಲಿ ಅದೇ ಪ್ರಶ್ನೆ: ನಮಗಾ, ಮುಂದಿನ ಬ್ಯಾಚ್‌ಗಾ?

ಆದರೆ ನಾನು ಮತ್ತೆ ಮತ್ತೆ ನೆನೆಯುವುದು ಇನ್ನೊಂದು ತೀರ್ಪನ್ನು. 2002ರಲ್ಲಿ ಛತ್ತೀಸ್‌ಗಢ ರಾಜ್ಯ ಒಂದು ಕಾನೂನು ಮಾಡಿತು. ಗೆಜೆಟ್‌ನಲ್ಲಿ ಒಂದು ಪ್ರಕಟಣೆ ಹೊರಟರೆ ಸಾಕು, ಒಂದು ಖಾಸಗಿ ವಿಶ್ವವಿದ್ಯಾಲಯ ತಯಾರು. ಸ್ವಲ್ಪವೇ ಸಮಯದಲ್ಲಿ ನೂರಕ್ಕೂ ಹೆಚ್ಚು ಹುಟ್ಟಿಕೊಂಡವು. ಅವುಗಳಲ್ಲಿ ಎಷ್ಟಕ್ಕೋ ಕಟ್ಟಡವೂ ಇರಲಿಲ್ಲ, ಕ್ಯಾಂಪಸ್ಸೂ ಇರಲಿಲ್ಲ. ವಿಜ್ಞಾನಿ, ಯುಜಿಸಿಯ ಮಾಜಿ ಅಧ್ಯಕ್ಷ ಪ್ರೊಫೆಸರ್ ಯಶ್‌ಪಾಲ್ ಕೋರ್ಟಿಗೆ ಹೋದರು. 2005ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನಿನ ಮುಖ್ಯ ಕಲಮುಗಳನ್ನೇ ರದ್ದು ಮಾಡಿತು. ಅವುಗಳ ಅಡಿಯಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳೆಲ್ಲ ಹೋದವು. ಕೋರ್ಟು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಲ್ಲಿ ನಿಜವಾಗಿ ಓದುತ್ತಿರುವ ವಿದ್ಯಾರ್ಥಿಗಳ ಹಿತಕ್ಕಾಗಿ, ಆ ಸಂಸ್ಥೆಗಳನ್ನು ರಾಜ್ಯದಲ್ಲಿ ಈಗಾಗಲೇ ಇರುವ ವಿಶ್ವವಿದ್ಯಾಲಯಗಳಿಗೆ ಸೇರಿಸಲು ಸರ್ಕಾರ ಕ್ರಮ ತೆಗೆದುಕೊಳ್ಳಬೇಕು ಎಂದೂ ಹೇಳಿತು. ತೀರ್ಪಿನ ಆ ಭಾಗವನ್ನು ಓದಿದಾಗ ನನಗೆ ಮನಸ್ಸು ತುಂಬಿ ಬಂತು. ಒಂದು ಕೈಯಲ್ಲಿ ಕೆಡವಿ, ಇನ್ನೊಂದು ಕೈಯಲ್ಲಿ ಒಳಗಿದ್ದವರನ್ನು ಹಿಡಿದುಕೊಂಡಿದ್ದಾರೆ.

ಇನ್ನು ಕೆಲವು ನೀತಿಗಳು ಶಿಕ್ಷಣ ಇಲಾಖೆಯಿಂದ ಬರುವುದೇ ಇಲ್ಲ. ಕೆನಡಾದ ವೀಸಾ ನಿಯಮ ನೋಡಿ. 2024ರ ಜನವರಿಯಲ್ಲಿ ಅಲ್ಲಿನ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಜೊತೆಗೆ, ಸರ್ಕಾರಿ ಕಾಲೇಜಿನ ಪಠ್ಯವನ್ನು ಒಪ್ಪಂದದ ಮೇಲೆ ಪಾಠ ಮಾಡುವ ಖಾಸಗಿ ಕಾಲೇಜುಗಳಲ್ಲಿ ಓದಿದವರಿಗೆ, ಓದಿನ ನಂತರ ಕೆಲಸ ಮಾಡುವ ಪರ್ಮಿಟ್ ಇಲ್ಲ ಎಂದಿತು. ಈಗಾಗಲೇ ಓದುತ್ತಿರುವವರಿಗೆ ಇದು ಅನ್ವಯಿಸದು, ಸೆಪ್ಟೆಂಬರ್ 1ರಿಂದ ಸೇರುವವರಿಗೆ ಮಾತ್ರ ಎಂದರು. ಸರಿ, ಸ್ಪಷ್ಟ ಉತ್ತರ. ಆದರೆ ಮಾರ್ಚ್‌ನಲ್ಲಿ ಆ ತಾರೀಖನ್ನು ಮೇ 15ಕ್ಕೆ ಹಿಂದೆ ತಂದರು. ಮೇ ಕೊನೆಯಲ್ಲೋ ಜೂನ್‌ನಲ್ಲೋ ಕ್ಲಾಸ್ ಶುರುವಾಗುವುದೆಂದು ಫೀ ಕಟ್ಟಿ ಕೂತಿದ್ದವರ ಸ್ಥಿತಿ ಏನಾಗಿರಬೇಡ? ಕೊಟ್ಟ ಉತ್ತರವನ್ನು ಬದಲಿಸುವುದು ಉತ್ತರ ಕೊಡದಿರುವುದಕ್ಕಿಂತಲೂ ಕೆಟ್ಟದ್ದು ಅಂತ ನನಗನ್ನಿಸುತ್ತದೆ.

ಹಂಗೇರಿಯಲ್ಲಿ ಇನ್ನೂ ನೇರವಾಗಿ ನಡೆಯಿತು. ಬುಡಾಪೆಸ್ಟ್‌ನ ಸೆಂಟ್ರಲ್ ಯೂರೋಪಿಯನ್ ಯೂನಿವರ್ಸಿಟಿ 1991ರಲ್ಲಿ ಶುರುವಾದದ್ದು, ನೋಂದಣಿ ನ್ಯೂಯಾರ್ಕ್ ರಾಜ್ಯದಲ್ಲಿ. ವಿದೇಶಿ ವಿಶ್ವವಿದ್ಯಾಲಯಕ್ಕೆ ತನ್ನ ಮೂಲ ದೇಶದಲ್ಲೂ ಕ್ಯಾಂಪಸ್ ಇರಬೇಕು ಎಂದು 2017ರಲ್ಲಿ ಆಗಿನ ಪ್ರಧಾನಿ ಓರ್ಬಾನ್ ಅವರ ಸರ್ಕಾರ ಕಾನೂನು ಮಾಡಿತು. ಅದು ಯಾರನ್ನು ಗುರಿ ಮಾಡಿದ್ದು ಅಂತ ಎಲ್ಲರಿಗೂ ಗೊತ್ತಿತ್ತು. 2019ರಲ್ಲಿ ವಿಶ್ವವಿದ್ಯಾಲಯ ವಿಯೆನ್ನಾಗೆ ಹೋಯಿತು. ಆ ಕಾನೂನು ತಪ್ಪು ಎಂದು ಯೂರೋಪಿನ ನ್ಯಾಯಾಲಯ ಹೇಳಿದ್ದು 2020ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಸಾಮಾನು ಸಾಗಿಸಿ ಆಗಿತ್ತು. ಆದರೂ ಹಳೆಯ ವಿದ್ಯಾರ್ಥಿಗಳಿಗೆ ಬುಡಾಪೆಸ್ಟ್‌ನಲ್ಲೇ ಓದು ಮುಗಿಸಲು ಅವಕಾಶ ಉಳಿಸಿಕೊಂಡರು.

ಹಾಗಾದರೆ ಏನು ಮಾಡಬೇಕು? ನನ್ನ ಹತ್ತಿರ ದೊಡ್ಡ ಯೋಜನೆ ಏನಿಲ್ಲ. ಪ್ರತಿ ಸುತ್ತೋಲೆಯಲ್ಲೂ ಒಂದು ಸಾಲು ಕಡ್ಡಾಯ ಇರಲಿ: ಈಗ ಓದುತ್ತಿರುವವರಿಗೆ ಇದು ಹೇಗೆ ಅನ್ವಯ? ಸೇರುವಾಗ ಇದ್ದ ನಿಯಮವೇ ಓದು ಮುಗಿಯುವವರೆಗೆ ನಡೆಯಲಿ. ಇಂಗ್ಲೆಂಡಿನ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಖಾಸಗಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಹೋಗುವ ಸರ್ಕಾರಿ ಸಾಲ, ನೆರವು 2010-11ರಲ್ಲಿ ಸುಮಾರು 5 ಕೋಟಿ ಪೌಂಡ್ ಇದ್ದದ್ದು, ಮೂರೇ ವರ್ಷದಲ್ಲಿ 67 ಕೋಟಿ ದಾಟಿತು. ಗಾಬರಿಯಾದ ಸರ್ಕಾರ 2013ರ ನವೆಂಬರ್‌ನಲ್ಲಿ 23 ಕಾಲೇಜುಗಳಿಗೆ ಕೆಲವು ಕೋರ್ಸುಗಳ ಹೊಸ ಅಡ್ಮಿಷನ್ ನಿಲ್ಲಿಸಲು ಹೇಳಿತು. ಆಮೇಲೆ 2017ರ ಕಾನೂನಿನಲ್ಲಿ 'ವಿದ್ಯಾರ್ಥಿ ರಕ್ಷಣಾ ಯೋಜನೆ' ಅನ್ನುವುದು ಬಂತು. ಕೋರ್ಸು ನಿಂತರೆ, ಕ್ಯಾಂಪಸ್ ಮುಚ್ಚಿದರೆ ವಿದ್ಯಾರ್ಥಿಗಳಿಗೆ ಏನು ದಾರಿ ಅಂತ ಸಂಸ್ಥೆ ಮೊದಲೇ ಬರೆದು, ಎಲ್ಲರಿಗೂ ಕಾಣುವ ಹಾಗೆ ಇಡಬೇಕು. ಬರೆದಿಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತ ಅಲ್ಲ. ಆದರೆ ಸೇರುವ ದಿನವೇ ಆ ಪ್ರಶ್ನೆ ಮೇಜಿನ ಮೇಲೆ ಇರುತ್ತದೆ.

ಆಡಳಿತ ಮಂಡಳಿಗಳಿಗೂ ಒಂದು ಮಾತು. ಸರ್ಕಾರದ ಹಣ ಒಂದು ತಿಂಗಳು ತಡವಾದರೆ ಬಾಗಿಲು ಹಾಕಬೇಕಾದ ಸ್ಥಿತಿಯಲ್ಲಿ ಕಾಲೇಜು ನಡೆಸುತ್ತಾ ಸ್ವಾತಂತ್ರ್ಯದ ಮಾತಾಡಬೇಡಿ. ಒಂದು ವರ್ಷದ ಖರ್ಚಾದರೂ ಕೈಯಲ್ಲಿ ಇಟ್ಟುಕೊಳ್ಳಿ. ದಯವಿಟ್ಟು ಅಂಕಪಟ್ಟಿಯ ದಾಖಲೆಗಳ ಇನ್ನೊಂದು ಪ್ರತಿಯನ್ನು ಕಾಲೇಜಿನ ಹೊರಗೂ ಇಡಿ. ಮುಚ್ಚಿದ ಕಾಲೇಜಿನಲ್ಲಿ ಓದಿದವರು ಹತ್ತು ವರ್ಷದ ನಂತರ ಕೆಲಸಕ್ಕೆ ಅರ್ಜಿ ಹಾಕುವಾಗ, ತಾನು ಓದಿದ್ದು ನಿಜ ಅಂತ ತೋರಿಸಲು ಯಾರ ಬಾಗಿಲು ತಟ್ಟಬೇಕು?

ಉಪನ್ಯಾಸದ ನಂತರ ಒಬ್ಬರು ಕೇಳಿದರು: "ಒಳಗಿರುವವರನ್ನು ಕಾಪಾಡಬೇಕು ಅಂತ ಕಾಯುತ್ತಾ ಕೂತರೆ ಕೆಟ್ಟ ಕಾಲೇಜುಗಳು ಅದನ್ನೇ ಗುರಾಣಿ ಮಾಡಿಕೊಳ್ಳುವುದಿಲ್ಲವೇ?" ಮಾಡಿಕೊಳ್ಳುತ್ತವೆ, ಮಾಡಿಕೊಂಡಿವೆ. ಆದ್ದರಿಂದಲೇ ಚಿಲಿಯ ಆ ಮುಚ್ಚುವ ಆಡಳಿತಾಧಿಕಾರಿಯ ಏರ್ಪಾಟು ನನಗೆ ಹಿಡಿಸಿದ್ದು. ಹೊಸ ಅಡ್ಮಿಷನ್ ಇವತ್ತೇ ನಿಲ್ಲಿಸಿ. ಆಡಳಿತ ಇವತ್ತೇ ಕೈಗೆ ತೆಗೆದುಕೊಳ್ಳಿ. ಕ್ಲಾಸು ಮಾತ್ರ ನಿಲ್ಲದಿರಲಿ. ಕಾಲೇಜನ್ನು ಶಿಕ್ಷಿಸುವುದಕ್ಕೂ ವಿದ್ಯಾರ್ಥಿಯನ್ನು ಶಿಕ್ಷಿಸುವುದಕ್ಕೂ ವ್ಯತ್ಯಾಸ ಇಡಲು ಆಗುತ್ತದೆ. ಸ್ವಲ್ಪ ಖರ್ಚಾಗುತ್ತದೆ, ಅಷ್ಟೆ.

ಇನ್ನೊಬ್ಬರು ಹಿಂದಿನ ಸಾಲಿನಿಂದ ಕೇಳಿದರು, ಆ ಹುಡುಗಿಗೆ ಕೊನೆಗೆ ಏನಾಯಿತು ಅಂತ.

ಐದನೇ ತಿಂಗಳು ಇನ್ನೊಂದು ಕಾಗದ ಬಂತು. ಹೊಸ ನಿಯಮ ಮುಂದಿನ ಬ್ಯಾಚ್‌ಗೆ ಮಾತ್ರ ಎಂದಿತ್ತು. ಅವಳಿಗೆ ವಿದ್ಯಾರ್ಥಿವೇತನ ಸಿಕ್ಕಿತು, ಓದು ಮುಗಿಸಿದಳು. ಆದರೆ ಅವಳ ಜೊತೆಯಲ್ಲೇ ಆ ಕಿಟಕಿಯ ಮುಂದೆ ನಿಲ್ಲುತ್ತಿದ್ದ ಗೆಳತಿಯೊಬ್ಬಳು ಇದ್ದಳು. ಅವಳ ಮನೆಯವರು ಎರಡನೇ ಕಂತು ಕಟ್ಟಲು ಆಗದೆ, ಉತ್ತರ ಬರುವುದನ್ನು ಕಾಯದೆ, ನಾಲ್ಕನೇ ತಿಂಗಳಲ್ಲೇ ಅವಳ ಟಿಸಿ ತೆಗೆದುಕೊಂಡು ಹೋಗಿದ್ದರು. ಆ ಅರ್ಜಿಗೆ ಕ್ಲಾಸ್ ಟೀಚರ್ ಅಂತ ಸಹಿ ಹಾಕಿದ್ದು ನಾನೇ.